ನೀರೆತ್ತುವ ಚಕ್ರ: ಕೇಂದ್ರಾಪಗಾಮಿ ಪಂಪಿನ ಚರಿತ್ರೆ

ಕನ್ನಡನಾಡಿನ ರೈತನಿಗೆ ಏತ ಮತ್ತು ಕಪಿಲೆಗಳು ಪರಂಪರೆಯಿಂದ ಬಂದ ಸಾಧನಗಳಾಗಿದ್ದುವು. ಅವುಗಳ ಸ್ಥಾನವನ್ನು ಆಕ್ರಮಿಸಿದ ಕೇಂದ್ರಾಪಗಾಮಿ ಪಂಪಿನ ಚರಿತ್ರೆಯನ್ನು ಪರಿಶೀಲಿಸಿದಲ್ಲಿ ಎರಡು ಸಂಗತಿಗಳು ಗೋಚರವಾಗುತ್ತವೆ. ಯಂತ್ರವು ಪರಿಷ್ಕಾರಗೊಳ್ಳಲು ಒಂದೂವರೆ ಶತಮಾನ ಹಿಡಿಯಿತು; ಪರಿಷ್ಕಾರಗೊಂಡ ಬಳಿಕ ಅದು ನೆಲದ ಸ್ವರೂಪವನ್ನೇ ಬಹು ಶೀಘ್ರವಾಗಿ ಬದಲಿಸಿತು.

ಈ ಯಂತ್ರದ ತತ್ತ್ವ ಸರಳವಾದುದು. ಶಂಖಾಕಾರದ ಕವಚದೊಳಗೆ ಅಲಗುಗಳುಳ್ಳ ಚಕ್ರವೊಂದು ವೇಗವಾಗಿ ತಿರುಗುತ್ತದೆ. ಚಕ್ರದ ನಡುವಿಗೆ ಬಂದ ನೀರು ಅಂಚಿನ ಕಡೆಗೆ ಎಸೆಯಲ್ಪಡುತ್ತದೆ. ಕವಚದ ದಾರಿ ಕ್ರಮಕ್ರಮವಾಗಿ ಅಗಲವಾಗುವುದರಿಂದ ನೀರಿನ ವೇಗ ತಗ್ಗಿ ಒತ್ತಡ ಹೆಚ್ಚುತ್ತದೆ. ಆ ಒತ್ತಡವೇ ನೀರನ್ನು ಮೇಲಕ್ಕೆ ಏರಿಸುತ್ತದೆ. ಪಂಪು ನೀರನ್ನು ಎಳೆದುಕೊಳ್ಳುವುದೆಂಬ ಮಾತು ರೂಢಿಯಲ್ಲಿದ್ದರೂ ವಸ್ತುಸ್ಥಿತಿ ಬೇರೆ. ನಡುವಿನಲ್ಲಿ ಒತ್ತಡ ಕಡಿಮೆಯಾದೊಡನೆ ಹೊರಗಿನ ವಾಯುಭಾರವು ಬಾವಿಯ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಗಾಳಿ ತುಂಬಿದ ಪಂಪಿನಲ್ಲಿ ಇದು ಸಾಧ್ಯವಾಗದು. ಗಾಳಿ ನೀರಿಗಿಂತ ಸುಮಾರು 800 ಪಾಲು ಹಗುರ. ಆದಕಾರಣ ಇಂಥ ಪಂಪನ್ನು ನಡೆಸುವ ಮುನ್ನ ಅದರಲ್ಲಿ ನೀರು ತುಂಬುವುದು ವಾಡಿಕೆ.

ಫ್ರಾನ್ಸಿನ ವಿಜ್ಞಾನಿ ಡೆನಿ ಪಾಪಿನ್ 17ನೆಯ ಶತಮಾನದ ಕೊನೆಗೆ ಜರ್ಮನಿಯ ಹೆಸ್ಸೆಯಲ್ಲಿದ್ದಾಗ ಈ ಬಗೆಯ ಯಂತ್ರವನ್ನು ರಚಿಸಿದನು. ಆದರೆ ಅದಕ್ಕೆ ತಕ್ಕ ಚಾಲಕಶಕ್ತಿ ಆಗ ಇರಲಿಲ್ಲ. ಚಕ್ರದ ವೇಗ ಇಮ್ಮಡಿಯಾದರೆ ನೀರಿನ ಪ್ರಮಾಣ ಇಮ್ಮಡಿ, ಅದು ಏರುವ ಎತ್ತರ ನಾಲ್ಮಡಿ ಆಗುತ್ತದೆ. ಬೇಕಾಗುವ ಶಕ್ತಿಯಾದರೋ ಎಂಟು ಮಡಿ. ಮನುಷ್ಯರ ಅಥವಾ ಎತ್ತುಗಳ ಬಲ ಇದಕ್ಕೆ ಸಾಲದು. ಉಗಿಯಂತ್ರ ಬಳಕೆಗೆ ಬಂದ ಮೇಲೆಯೇ ಈ ಚಕ್ರಕ್ಕೆ ಕಾಲ ಕೂಡಿಬಂದಿತು.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾನ್ ಆಪ್ಪೋಲ್ಡ್ ತನ್ನ ಪಂಪನ್ನು ಪರೀಕ್ಷೆಗೊಡ್ಡಿದನು. ಅಲ್ಲಿ ಬಾಗಿದ ಅಲಗುಗಳ ಚಕ್ರ ಶೇಕಡ 68ರಷ್ಟು ಶಕ್ತಿಯನ್ನು ಸಾರ್ಥಕಗೊಳಿಸಿತು. ಕೇಂದ್ರದಿಂದ ನೇರವಾಗಿ ಚಾಚಿದ ಅಲಗುಗಳದು ಶೇಕಡ 24 ಮಾತ್ರ. ಅಲಗಿನ ಬಾಗು ಒಂದರಿಂದಲೇ ಇಷ್ಟು ಅಂತರವುಂಟಾಯಿತು. 1875ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಪೇಟೆಂಟು ಪಡೆದ ಪಂಪಿನಲ್ಲಿ, ಚಕ್ರದಿಂದ ಹೊಮ್ಮಿದ ನೀರನ್ನು ಸ್ಥಿರವಾದ ಅಲಗುಗಳ ನಡುವೆ ಹಾಯಿಸಿ ಒತ್ತಡವನ್ನು ಇನ್ನೂ ಹೆಚ್ಚಿಸುವ ಏರ್ಪಾಡಿದ್ದಿತು.

ಆಪ್ಪೋಲ್ಡನ ಪಂಪಿನಿಂದಲೇ ಇಂಗ್ಲೆಂಡಿನ ವಿಟ್ಲ್‌ಸೀ ಎಂಬ ವಿಸ್ತಾರವಾದ ಸರೋವರವನ್ನು 1851ರಲ್ಲಿ ಬರಿದುಮಾಡಲಾಯಿತು. ಅದರ ಸಮೀಪದ ಹೋಮ್ ಎಂಬಲ್ಲಿ, ನೆಲ ಎಷ್ಟು ಕುಸಿಯುವುದೆಂದು ತಿಳಿಯಲು, ತಲೆ ನೆಲಕ್ಕೆ ಸಮನಾಗುವಂತೆ ಒಂದು ಕಬ್ಬಿಣದ ಕಂಬವನ್ನು ಹೂಳಿದ್ದರು. ನೀರಾರಿದ ಸಸ್ಯಜನ್ಯ ಮಣ್ಣು ಕುಗ್ಗಿತು, ಗಾಳಿಗೆ ಸಿಕ್ಕಿ ಕ್ಷಯಿಸಿತು. ಇಂದು ಆ ಕಂಬ ನೆಲದಿಂದ ಸುಮಾರು 4 ಮೀಟರು ಎತ್ತರ ಕಾಣುತ್ತದೆ. ಗೋದಿ ಬೆಳೆಯುವ ಹೊಲಗಳು ದೊರೆತುವು. ಅವುಗಳ ಮಣ್ಣೇ ಸವೆಯತೊಡಗಿತು.

ಭಾರತದಲ್ಲಿ ಈ ಪಂಪು ಬೇರೂರಿದ ಕಥೆಗೂ ಕನ್ನಡನಾಡಿಗೂ ಸಂಬಂಧವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಚಿತ್ರಕಲೆ ಕಲಿತು, ಅಲ್ಲಿಯೇ ಯಂತ್ರರೇಖಾಚಿತ್ರವನ್ನು ಬೋಧಿಸಿ, ಬೆಳಗಾವಿಗೆ ಮರಳಿ ಸೈಕಲ್ ವ್ಯಾಪಾರದಿಂದ ಕಬ್ಬಿಣದ ನೇಗಿಲಿನ ತಯಾರಿಕೆಗೆ ಬಂದರು. 1910ರಲ್ಲಿ ಔಂಧ್ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ನೆಲೆಗೊಂಡಿತು. 1926ರಲ್ಲಿ ಅಲ್ಲಿನ ಕಾರ್ಖಾನೆ ಕೇಂದ್ರಾಪಗಾಮಿ ಪಂಪುಗಳನ್ನು ತಯಾರಿಸತೊಡಗಿತು.

ಆಗಲೂ ಬಾವಿಗೆ ಒಂದು ಸ್ವಾಭಾವಿಕ ರಕ್ಷಣೆ ಉಳಿದಿದ್ದಿತು. ಕಪಿಲೆಯ ಎತ್ತುಗಳು ದಣಿದಾಗ ನೀರೆತ್ತುವುದು ನಿಲ್ಲುತ್ತಿತ್ತು. ಇರುಳಿನಲ್ಲಿ ಸೆಲೆಗಳು ಬಾವಿಯನ್ನು ಮತ್ತೆ ತುಂಬುತ್ತಿದ್ದುವು. ಪಂಪಿಗೆ ದಣಿವಿಲ್ಲವಾದರೂ ವಾಯುಭಾರದ ಮಿತಿಯಿದ್ದಿತು: ಸಮುದ್ರಮಟ್ಟದಲ್ಲಿ ಅದು ನೀರನ್ನು ನೂಕಬಲ್ಲುದು ಹೆಚ್ಚೆಂದರೆ 10.3 ಮೀಟರು, ವ್ಯವಹಾರದಲ್ಲಿ 6-7 ಮೀಟರು. ನೀರು ಇನ್ನೂ ಕೆಳಗಿಳಿದಾಗ ರೈತರು ಪಂಪನ್ನೇ ಬಾವಿಯೊಳಕ್ಕೆ ಇಳಿಸುತ್ತಿದ್ದರು. ಮೋಟಾರು ಸಹಿತವಾಗಿ ನೀರಿನಲ್ಲಿ ಮುಳುಗಿ, ಸಾಲಾಗಿ ಜೋಡಿಸಿದ ಅನೇಕ ಚಕ್ರಗಳಿಂದ ನೀರನ್ನು ಕೆಳಗಿನಿಂದಲೇ ಮೇಲಕ್ಕೆ ನೂಕುವ ಸಬ್‌ಮರ್ಸಿಬಲ್ ಪಂಪು ಬಂದ ಮೇಲೆ ಆ ಮಿತಿಯೂ ತೊಲಗಿತು. ಕೋಲಾರದಂಥ ಜಿಲ್ಲೆಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದುವು. ತೆರೆದ ಬಾವಿಗಳು ಬತ್ತಿದುವು. ಅಂತರ್ಜಲದ ನಿಯಂತ್ರಣಕ್ಕೆ ಕರ್ನಾಟಕ 2011ರಲ್ಲಿ ಶಾಸನವನ್ನೇ ಮಾಡಬೇಕಾಯಿತು.

ಪ್ರಕೃತಿ ವಿಧಿಸಿದ್ದ ಮಿತಿಯನ್ನು ಯಂತ್ರ ದಾಟಿದಲ್ಲಿ ಆ ಮಿತಿಯನ್ನು ವಿಧಿಸುವ ಹೊಣೆ ಸಮಾಜಕ್ಕೆ ಬರುತ್ತದೆ. ಹೋಮ್‌ನಲ್ಲಿ ನಷ್ಟವನ್ನು ಅಳೆಯಲು ಒಂದು ಕಂಬವಾದರೂ ಇದೆ. ಕೋಲಾರದ ಬಯಲಿನಲ್ಲಿ ಅದನ್ನು ಅಳೆಯಬೇಕಾದುದು ಪಾಳುಬಿದ್ದ ಕಪಿಲೆಬಾವಿಗಳ ಆಳದಿಂದ.