ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ಕಲೆ

ಚೀನಾದ ಆಳ್ವಿಕೆಯ ವಿರುದ್ಧ 1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಎದ್ದ ದಂಗೆಯನ್ನು ಹತ್ತಿಕ್ಕಲಾಯಿತು. ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆಯೇ ಸಾವಿರಾರು ಟಿಬೆಟನ್ನರೂ ಹಿಮಾಲಯ ದಾಟಿದರು. ಅವರಿಗಾಗಿ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. 1960ರ ಕೊನೆಯಿಂದ ಅಲ್ಲಿಗೆ ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಸುತ್ತಲಿನ ಜನ ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುವ ಈ ನೆಲೆಯಲ್ಲಿ ಬೆಳೆದ ಚಿತ್ರ, ಶಿಲ್ಪ ಮತ್ತು ದೇವಾಲಯ ಕಲೆ ಕರ್ನಾಟಕದ ನಿರಾಶ್ರಿತ ಕಲೆಯಲ್ಲಿ ಬಹು ಮುಖ್ಯವಾದದ್ದು.

ಈ ಕಲೆಯ ಕೇಂದ್ರ ನಾಮ್‌ಡ್ರೋಲಿಂಗ್ ಮಠ. ಟಿಬೆಟ್ಟಿನ ಖಾಮ್ ಪ್ರಾಂತ್ಯದ ಪಲ್ಯುಲ್ ಮಠದ ಗುರು ಪೆನೋರ್ ರಿನ್‌ಪೋಚೆ (1932–2009) ಸುಮಾರು 300 ಜನರೊಂದಿಗೆ ಹೊರಟಿದ್ದರು. ಭಾರತ ತಲುಪಿದವರು 30ರಷ್ಟು ಮಂದಿ ಮಾತ್ರ. 1963ರಲ್ಲಿ ಅವರು ಇಲ್ಲಿ ಕಟ್ಟಿದ್ದು 80 ಚದರ ಅಡಿಯ ಬಿದಿರಿನ ಗುಡಿ. ಅದೇ ಮಠ 1999ರಲ್ಲಿ ಪದ್ಮಸಂಭವ ವಿಹಾರವನ್ನು ಕಟ್ಟಿ ಮುಗಿಸಿತು. ಪ್ರವಾಸಿಗರ ಬಾಯಲ್ಲಿ ಅದು ಗೋಲ್ಡನ್ ಟೆಂಪಲ್. ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯುಸ್ ಇವರ ಬೃಹತ್ ಸುವರ್ಣಲೇಪಿತ ಮೂರ್ತಿಗಳಿವೆ; ನಡುವಿನ ಬುದ್ಧನ ಎತ್ತರ ಸುಮಾರು 60 ಅಡಿ.

ಥಂಕಾ ಈ ಪರಂಪರೆಯ ಪಟಚಿತ್ರ. ಚೌಕಟ್ಟಿಗೆ ಬಿಗಿದ ಹತ್ತಿಬಟ್ಟೆಗೆ ಸೀಮೆಸುಣ್ಣ ಮತ್ತು ಚರ್ಮದ ಅಂಟು ಬಳಿದು, ನುಣುಪಾಗಿ ಉಜ್ಜಿ, ಶಾಸ್ತ್ರೋಕ್ತ ಅಳತೆಯ ಗೆರೆಗಳೊಳಗೆ ದೇವತೆಯನ್ನು ಬರೆಯುತ್ತಾರೆ. ಖನಿಜದ ಬಣ್ಣ, ಚಿನ್ನದ ರೇಖೆಗಳಾದ ಮೇಲೆ ಕಟ್ಟಕಡೆಗೆ ಕಣ್ಣು ಬಿಡಿಸುತ್ತಾರೆ. ಸುರುಳಿ ಸುತ್ತಿ ಹೊತ್ತೊಯ್ಯಬಹುದಾದ್ದರಿಂದ ಊರು ಬಿಟ್ಟವರ ಜೊತೆ ಅದೂ ಬರಬಲ್ಲದಾಯಿತು. ಇಲ್ಲಿನ ಥಂಕಾಗಳಲ್ಲಿ ಯುದ್ಧದ, ವಲಸೆಯ ದೃಶ್ಯಗಳನ್ನು ಹುಡುಕುವುದು ವ್ಯರ್ಥ. 1966ರ ನಂತರ ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಟಿಬೆಟ್ಟಿನ ಮಠಗಳು ನೆಲಸಮವಾಗುತ್ತಿದ್ದಾಗ, ಹಳೆಯ ಅಳತೆಯನ್ನು ಒಂದು ಗೆರೆಯೂ ತಪ್ಪದಂತೆ ಶಿಷ್ಯರಿಗೆ ದಾಟಿಸಿದ್ದೇ ಈ ಕಲಾವಿದರು ರಾಜಕೀಯಕ್ಕೆ ಕೊಟ್ಟ ಉತ್ತರ. ಹೀಗೆಯೇ ಟಿಬೆಟ್ಟಿನ ತಶಿ ಲ್ಹುನ್ಪೊ ಮಠವೂ 1972ರಲ್ಲಿ ಬೈಲಕುಪ್ಪೆಯಲ್ಲಿ ಮರುಸ್ಥಾಪನೆಗೊಂಡಿತು.

ಆದರೆ ಬೈಲಕುಪ್ಪೆಯ ಆಚೆ, ದೇಶಭ್ರಷ್ಟರ ಮಕ್ಕಳಾಗಿ ಟಿಬೆಟ್ಟಿನ ಹೊರಗೇ ಹುಟ್ಟಿದ ಕಲಾವಿದರು ರಾಜಕೀಯದ ಬಗ್ಗೆ ನೇರವಾಗಿ ಮಾತಾಡತೊಡಗಿದರು. ಕಠ್ಮಂಡುವಿನಲ್ಲಿ 1982ರಲ್ಲಿ ಹುಟ್ಟಿದ ತೆನ್‌ಜಿಂಗ್ ರಿಗ್ದೋಲ್ 2011ರಲ್ಲಿ ಸುಮಾರು 20 ಟನ್ ಟಿಬೆಟ್ ಮಣ್ಣನ್ನು ನೇಪಾಳದ ಮೂಲಕ ಧರ್ಮಶಾಲಾ ಪಟ್ಟಣಕ್ಕೆ ತರಿಸಿ, ವೇದಿಕೆಯ ಮೇಲೆ ಹರಡಿದರು. ತಾಯ್ನೆಲವನ್ನು ಎಂದೂ ಕಾಣದವರು ಅದರ ಮೇಲೆ ನಡೆದರು. ಪ್ರದರ್ಶನ ಮುಗಿದ ಮೇಲೆ ಜನ ಆ ಮಣ್ಣನ್ನು ಮನೆಗೆ ಒಯ್ದರು.