ಅವಸರಕ್ಕೆ ಬಗ್ಗದ ಉಕ್ಕು

ಸಿಂಕಿಗೆ ಫಿಲ್ಟರ್ ನಲ್ಲಿ ಕೂರಿಸೋಕೆ ಹೋಗಿ ಮೂರು ಡ್ರಿಲ್ ಬಿಟ್ ಸುಟ್ಟೆ. ಆಮೇಲೆ ಇತಿಹಾಸ ಓದಿದೆ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಹದ ಮಾಡಿದ ಹೈಸ್ಪೀಡ್ ಸ್ಟೀಲ್ ಉಳಿ, ಕೆಂಪಗೆ ಕಾದರೂ ಉಕ್ಕು ಕತ್ತರಿಸಿತು. ವೇಗವೇ ಗೆದ್ದಂತಾಯ್ತು. ಆದರೆ 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ, ಸವೆಯದ ಬಂದೂಕಿನ ನಳಿಗೆಗಾಗಿ ಹುಡುಕುತ್ತಾ, ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ಎರಕ ಹೊಯ್ದ. ಮುಂದೆ ನಿಕ್ಕಲ್ ಕೂಡ ಸೇರಿದ ಬಗೆಯೇ ನಮ್ಮ ಸಿಂಕು. ಬಿಟ್ ಕೊರೆಯದೆ ಬರೀ ಉಜ್ಜಿದರೆ ಇದು ಇನ್ನೂ ಗಟ್ಟಿಯಾಗುತ್ತೆ!

ಹಾಗಾಗಿ ಶೇಕಡಾ 5 ಅಥವಾ 8ರಷ್ಟು ಕೋಬಾಲ್ಟ್ ಇರುವ ಹೈಸ್ಪೀಡ್ ಸ್ಟೀಲ್ ಬಿಟ್, 135 ಡಿಗ್ರಿ ಮೊನೆ, ಎರಡು ಹನಿ ಎಣ್ಣೆ, ಕಡಿಮೆ ವೇಗ, ಬಿಡದ ಒತ್ತು. ಊರಲ್ಲಿ ಅಪ್ಪ ನೇಗಿಲು ಒತ್ತಿ ಹಿಡೀತಿದ್ದದ್ದೂ ಹೀಗೇ. ನಾಲ್ಕನೇ ಬಿಟ್ ಒಂದೇ ಸಲಕ್ಕೆ ಪಾರಾಯ್ತು.