ಗಿಣ್ಣದ ಹಲಗೆ, ಚರಗದ ಬುಟ್ಟಿ

ಕ್ರಿಸ್ಮಸ್ ಹಬ್ಬದ ಭೋಜನವು ಮುಗಿದ ತರುವಾಯ ಇಂಗ್ಲೆಂಡಿನ ಮನೆಗಳಲ್ಲಿ ಮೇಜಿನ ನಡುವೆ ಮರದ ಹಲಗೆಯೊಂದನ್ನು ಇರಿಸಿ, ಅದರ ಮೇಲೆ ಗಟ್ಟಿಯಾದ ಚೆಡ್ಡರ್, ನೀಲಿ ಗೆರೆಗಳ ಸ್ಟಿಲ್ಟನ್, ಮೆತ್ತನೆಯ ಬ್ರೀ, ಆಡಿನ ಹಾಲಿನದೊಂದು ಉಂಡೆ ಎಂದು ನಾಲ್ಕಾರು ಬಗೆಯ ಚೀಸುಗಳನ್ನು ಜೋಡಿಸಿ, ಬದಿಯಲ್ಲಿ ದ್ರಾಕ್ಷಿ, ಆಕ್ರೋಟ, ಬಿಸ್ಕತ್ತು, ಹುಳಿಸಿಹಿಯ ಚಟ್ನಿಗಳನ್ನು ಇಡುವ ಸಂಪ್ರದಾಯವುಂಟು. ಈ ಚೀಸೆಂಬ ಪದಾರ್ಥಕ್ಕೆ ನಮ್ಮ ಗ್ರಂಥಸ್ಥ ಭಾಷೆಯು ಕೊಟ್ಟಿರುವ ಹೆಸರು ಗಿಣ್ಣು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಯಾವ ಒಕ್ಕಲಮನೆಯಲ್ಲಿಯೇ ಆಗಲಿ ಗಿಣ್ಣವೆಂದರೆ ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿ ಹಣ್ಣಾದ ಗಟ್ಟಿಯಲ್ಲ; ಆಕಳೋ ಎಮ್ಮೆಯೋ ಈದ ಮೊದಲ ದಿನಗಳಲ್ಲಿ ಕರೆದ ಹಳದಿ ಹಾಲನ್ನು ಬೆಲ್ಲ ಏಲಕ್ಕಿಗಳೊಡನೆ ಕಾಯಿಸಿದಾಗ ತಾನೇ ತಾನಾಗಿ ಹೆಪ್ಪುಗಟ್ಟುವ, ಅಂದೇ ತಿಂದು ಮುಗಿಸಬೇಕಾದ ಭಕ್ಷ್ಯ. ಒಂದೇ ಪದವು ಎರಡು ಪದಾರ್ಥಗಳನ್ನು ಹೊತ್ತಿರುವ ಈ ಸಂಗತಿಯ ಹಿಂದೆ, ಹಾಲನ್ನು ಕುರಿತು ಎರಡು ನಾಡುಗಳು ನಡೆಸಿದ ಬೇರೆ ಬೇರೆ ಚಿಂತನೆಯ ಇತಿಹಾಸವು ಅಡಗಿದೆಯೆಂದು ನಾನು ನಂಬಿದ್ದೇನೆ.

ಪದದಿಂದಲೇ ತೊಡಗುವುದು ಯುಕ್ತ. ಕೂಡ್ಲಿಗಿಯ ಮೂಡಲಿಗೆ ರಾಯದುರ್ಗದ ಸೀಮೆಯ ತೆಲುಗರು ಇದೇ ಗಿಣ್ಣವನ್ನು ಜುನ್ನು ಎನ್ನುವರು, ಮತ್ತು ಆ ಭಾಷೆಯಲ್ಲಿಯೂ ಜುನ್ನು ಎಂಬುದೇ ಚೀಸಿಗೆ ಪರ್ಯಾಯವಾಗಿ ನಿಂತಿದೆ. ಈ ಪರ್ಯಾಯವು ಹುಟ್ಟಿದ ಬಗೆಯನ್ನು ಹೀಗೆ ಊಹಿಸಬಹುದು: 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕಾರ್ಯಕ್ಕೆ ಕೈಹಾಕಿದನು. ದಾವೀದನು ತನ್ನ ಅಣ್ಣಂದಿರಿದ್ದ ಪಾಳೆಯಕ್ಕೆ ಹತ್ತು ಚೀಸಿನ ಗಟ್ಟಿಗಳನ್ನು ಒಯ್ಯುವ ಪ್ರಸಂಗವು ಹಳೆಯ ಒಡಂಬಡಿಕೆಯಲ್ಲಿದೆ. ಚೀಸನ್ನೇ ಕಾಣದ ಜನಕ್ಕೆ ಇದನ್ನು ಹೇಳಬೇಕಾದವನು, ಹಾಲು ಗಟ್ಟಿಯಾಗುವ ಯಾವ ಅನುಭವವು ಅವರ ಅಡಿಗೆಮನೆಯಲ್ಲಿ ಈಗಾಗಲೇ ಇದೆಯೋ ಅದರ ಕಡೆಗೇ ತಿರುಗಬೇಕಾಗುತ್ತದೆ. ಮೊಸರು ಗಟ್ಟಿಯಾದರೂ ಅಲುಗಾಡುವುದು. ಚಾಕುವಿನಿಂದ ಕೊಯ್ದು ತುಂಡು ಮಾಡಬಹುದಾದ ಹಾಲು ನಮ್ಮಲ್ಲಿ ಗಿಣ್ಣವೊಂದೇ.

ಆದರೂ ಈ ಸಾದೃಶ್ಯವು ಹೊರಗಿನದು. ಚೀಸು ಮಾಡುವವನು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಸತ್ವವನ್ನು ಹಾಲಿಗೆ ಬೆರೆಸಿ ಒಡೆಸುವನು. ನೀರನ್ನು ಬಸಿದು, ಉಪ್ಪು ಕೂಡಿಸಿ, ಒತ್ತಿಟ್ಟು, ತಂಪಾದ ಮಾಳಿಗೆಯಲ್ಲಿ ವಾರಗಟ್ಟಲೆಯಿಂದ ವರ್ಷಗಟ್ಟಲೆಯವರೆಗೆ ಕಾಯುವನು. ಬೇಸಗೆಯ ಕೊನೆಯ ಹಸಿರು ಮೇದ ಆಕಳ ಹಾಲಿನಿಂದ ಮಾಡಿದ ಸ್ಟಿಲ್ಟನ್ ಹದಕ್ಕೆ ಬರುವುದು ಡಿಸೆಂಬರಿನ ಹೊತ್ತಿಗಾದ್ದರಿಂದಲೇ ಅದು ಕ್ರಿಸ್ಮಸ್ಸಿನ ಚೀಸೆನಿಸಿತು. ಗಿಣ್ಣದಲ್ಲಿ ಇದಾವುದೂ ಇಲ್ಲ. ಹೊಸದಾಗಿ ಈದ ಆಕಳ ಹಾಲಿನಲ್ಲಿ, ಕರುವನ್ನು ರೋಗದಿಂದ ಕಾಯುವ ಸಲುವಾಗಿ ಪ್ರಕೃತಿಯು ತುಂಬಿದ ಪ್ರೋಟೀನುಗಳು ಹೇರಳವಾಗಿದ್ದು, ಅವು ಬೆಂಕಿಯ ಶಾಖ ತಾಗಿದೊಡನೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುವು. ಒಂದರಲ್ಲಿ ಹಾಲನ್ನು ಹೆಪ್ಪುಗಟ್ಟಿಸುವುದು ಸತ್ತ ಕರುವಿನ ಜಠರ. ಇನ್ನೊಂದರಲ್ಲಿ ಬದುಕಿರುವ ಕರುವಿಗೆಂದು ಬಂದ ಹಾಲೇ ಹೆಪ್ಪುಗಟ್ಟುವುದು. ಆದುದರಿಂದಲೇ ಕರುವಿನ ಪಾಲು ಮುಗಿದ ಮೇಲೆ ಉಳಿದದ್ದು ಮನೆಯ ಪಾಲು ಎಂಬ ನಡವಳಿಕೆ. ಗಿಣ್ಣವನ್ನು ಮಾರದೆ ನೆರೆಮನೆಗಳಿಗೆ ಬಟ್ಟಲಲ್ಲಿ ಹಂಚುವ ರೂಢಿ.

ಹಾಲನ್ನು ಒಡೆಸುವ ವಿದ್ಯೆಯೇ ನಮ್ಮವರಿಗೆ ತಿಳಿದಿರಲಿಲ್ಲವೆಂದು ಇದರಿಂದ ಯಾರೂ ಭಾವಿಸಬಾರದು. ಕೋಗಳಿ ಐನೂರು ಎಂದು ಶಾಸನಗಳಲ್ಲಿ ಹೆಸರಾದ ಈ ಪ್ರಾಂತ್ಯವು ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿದ್ದಿತು. ಹರಪನಹಳ್ಳಿಯ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಆ ವಂಶದ ಮೊದಲ ದೊರೆ ತೈಲಪನ ಕಾಲದ, 987ರ ಶಾಸನವಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ, ಕಾದ ಹಾಲಿಗೆ ಹುಳಿಮಜ್ಜಿಗೆ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಆ ಗಟ್ಟಿಯನ್ನು ಅಕ್ಕಿಹಿಟ್ಟಿನೊಡನೆ ಅರೆದು, ತುಪ್ಪದಲ್ಲಿ ಕರಿದು ಸಕ್ಕರೆಯಲ್ಲಿ ಅದ್ದುವ ಕ್ಷೀರಪ್ರಕಾರವೆಂಬ ತಿಂಡಿಯ ವಿಧಾನವುಂಟು. ಅಂದರೆ ಚೀಸಿನ ಮೊದಲ ಮೆಟ್ಟಿಲನ್ನು ಈ ನಾಡು ಎಂಟು ನೂರು ವರ್ಷಗಳಿಗೂ ಹಿಂದೆಯೇ ಹತ್ತಿತ್ತು. ಎರಡನೆಯ ಮೆಟ್ಟಿಲನ್ನು, ಎಂದರೆ ಅದನ್ನು ಇಟ್ಟು ಮಾಗಿಸುವುದನ್ನು, ಹತ್ತಲಿಲ್ಲ.

ಏಕೆ ಹತ್ತಲಿಲ್ಲ? ನೆಲವೇ ಮೊದಲ ಉತ್ತರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಬೇಸಗೆಯಲ್ಲಿ 40 ಡಿಗ್ರಿಯನ್ನು ಮುಟ್ಟುವ ಈ ಎರೆ ಮತ್ತು ಮಸಬು ಮಣ್ಣಿನ ಸೀಮೆಯಲ್ಲಿ ಹಾಲನ್ನು ಬಸಿದು ಇಟ್ಟರೆ ಮಾಗುವುದಕ್ಕೆ ಮುನ್ನವೇ ಕೊಳೆಯುವುದು. ಹಾಲನ್ನು ಕಾಲದಿಂದ ರಕ್ಷಿಸುವ ಉಪಾಯವನ್ನು ಇಲ್ಲಿಯ ಹೆಂಗಸರು ಬೆಂಕಿಯಲ್ಲಿ ಕಂಡುಕೊಂಡರು: ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ಅದನ್ನು ಕಾಸಿ ನೀರೆಲ್ಲವನ್ನೂ ಆರಿಸಿದ ತುಪ್ಪವು ಈ ಬಿಸಿಲಿನಲ್ಲಿಯೂ ತಿಂಗಳುಗಟ್ಟಲೆ ಕೆಡದು. ಕಾಸುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆಯನ್ನೋ ನಾಲ್ಕು ಮೆಂತ್ಯದ ಕಾಳನ್ನೋ ಹಾಕುವುದು, ಎಲೆ ಗರಿಗರಿಯಾದುದನ್ನು ನೋಡಿ ಇಳಿಸುವುದು, ತಳದ ಗಸಿಯನ್ನು ಮಕ್ಕಳಿಗೆ ಬೆಲ್ಲದೊಡನೆ ಕೊಡುವುದು, ಇವೆಲ್ಲ ಚೀಸಿನ ಮಾಳಿಗೆಯವನ ಸೂಕ್ಷ್ಮಗಳಿಗೆ ಯಾವ ವಿಧದಲ್ಲಿಯೂ ಕಡಮೆಯವಲ್ಲ. ಆತನು ಚೀಸಿನಿಂದ ಬಸಿದ ನೀರನ್ನು ಬಹುಮಟ್ಟಿಗೆ ಹಂದಿಗಳಿಗೆ ಹಾಕುತ್ತಿದ್ದನು. ನಮ್ಮಲ್ಲಿ ಬೆಣ್ಣೆ ತೆಗೆದು ಉಳಿದ ಮಜ್ಜಿಗೆಯೇ ಹೊಲಕ್ಕೆ ಹೋಗುವವರ ದಿನದ ಆಧಾರ.

ಎರಡನೆಯ ಉತ್ತರವು ದನಗಳನ್ನು ಸಾಕಿದವರ ಶ್ರದ್ಧೆಯಲ್ಲಿದೆ. ಕೂಡ್ಲಿಗಿಯ ಸೀಮೆಯಲ್ಲಿ ದನಗಾಹಿಗಳಾದ ಮ್ಯಾಸಬೇಡರ ಹಟ್ಟಿಗಳು ಹಲವಾರು. ಇವರು ತಮ್ಮ ದೈವಗಳ ಹೆಸರಿನಲ್ಲಿ ದನದ ಹಿಂಡುಗಳನ್ನು ಬಿಟ್ಟು, ಕಿಲಾರಿಗಳೆಂಬ ಕಾವಲಿನವರನ್ನು ನೇಮಿಸಿ, ಮಾರದೆ ಹೂಡದೆ ಸಾಕುವರು. ದೇವರೆತ್ತು ಸತ್ತರೆ ಮನುಷ್ಯನಿಗೆ ಮಾಡುವಂತೆ ಮಣ್ಣು ಮಾಡುವರು. ಕರುವೇ ದೈವದ ಸ್ವತ್ತಾದ ಇಂಥ ಹಟ್ಟಿಯಲ್ಲಿ ಅದರ ಜಠರದಿಂದ ಹಾಲನ್ನು ಒಡೆಸುವ ಯೋಚನೆ ಹುಟ್ಟುವುದೇ ಅಸಾಧ್ಯವಾಗಿತ್ತು. ಕುರಿಗಳ ವಿಷಯವೂ ವಿಚಾರಾರ್ಹವೇ. ಫ್ರಾನ್ಸಿನ ರೋಕ್‌ಫೋರ್, ಇಟಲಿಯ ಪೆಕೊರಿನೊ ಎರಡೂ ಕುರಿಯ ಹಾಲಿನವು. ನಮ್ಮ ಕುರುಬರಾದರೋ ಡೆಕ್ಕನಿ ಕುರಿಯನ್ನು ಸಾಕಿದ್ದು ಉಣ್ಣೆಗಾಗಿ, ಮಾಂಸಕ್ಕಾಗಿ, ಹೊಲದಲ್ಲಿ ಮಂದೆ ಹಾಕಿಸಿ ಪಡೆಯುವ ಗೊಬ್ಬರಕ್ಕಾಗಿ. ಹಾಲು ಮರಿಗೆ ಉಳಿಯಿತು. ಆದರೆ ಹಾಲಿನ ಗೌರವವು ಇವರಲ್ಲಿ ಕಡಮೆಯೆಂದಲ್ಲ: ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಕಾರ್ಣಿಕವೆಂಬ ದೈವವಾಣಿಗೆ ನೆರೆಯುವ, ಮೈಲಾರಲಿಂಗನ ಒಕ್ಕಲಾದ ಗೊರವರು, ದೋಣಿಯೆಂಬ ಪಾತ್ರೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲಗಳನ್ನು ತುಂಬಿ ಮೈಲಾರಲಿಂಗನ ನಾಯಿಗಳಂತೆ ಬಾಯಿಯಿಂದಲೇ ಸ್ವೀಕರಿಸುವರು. ಹಾಲಿನ ಜೊತೆಗೆ ಯಾವ ಹಣ್ಣು, ಯಾವ ಸಿಹಿ ಸೇರಬೇಕೆಂಬುದನ್ನು ಇಲ್ಲಿ ನಿರ್ಣಯಿಸಿದ್ದು ಭಕ್ತಿ.

ಕ್ರಿಸ್ಮಸ್ಸಿನ ಹಲಗೆಗೆ ಸರಿಸಮನಾಗಿ ಈ ಸೀಮೆಯಲ್ಲಿ ಯಾವುದನ್ನು ನಿಲ್ಲಿಸಬಹುದೆಂದು ಕೇಳಿದರೆ, ನಾನು ನಿಸ್ಸಂದೇಹವಾಗಿ ಎಳ್ಳಮಾವಾಸ್ಯೆಯ ಬುಟ್ಟಿಯನ್ನು ತೋರಿಸುವೆನು. ಮಾರ್ಗಶಿರ ಮಾಸದ ಕೊನೆಯ ಈ ಅಮಾವಾಸ್ಯೆಯು ಡಿಸೆಂಬರಿನ ಉತ್ತರಾರ್ಧದಲ್ಲಿ ಇಲ್ಲವೆ ಜನವರಿಯ ಪೂರ್ವಾರ್ಧದಲ್ಲಿ ಬರುವುದು. 2019ರಲ್ಲಿ ಕ್ರಿಸ್ಮಸ್ಸಿನ ಮರುದಿನವೇ ಬಂದಿತ್ತು. ಅಂದು ಒಕ್ಕಲಿಗನು ಕುಟುಂಬಸಹಿತನಾಗಿ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತೆನೆಗಟ್ಟುವ ಬಿಳಿಜೋಳದ ನಡುವೆ ಭೂಮಿತಾಯಿಗೆ ಚರಗವೆಂಬ ನೈವೇದ್ಯವನ್ನು ಚೆಲ್ಲಿ, ಮರದ ನೆರಳಿನಲ್ಲಿ ಎಲ್ಲರೊಡನೆ ಉಣ್ಣುವನು. ಎಳ್ಳು ಹಚ್ಚಿ ಬಡಿದ ಕಟಕ ಸಜ್ಜೆ ರೊಟ್ಟಿ, ಅದರ ಮೇಲೆ ಅಂದು ಕಡೆದ ಬೆಣ್ಣೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಪುಂಡಿಪಲ್ಯ, ಎಣ್ಣೆಗಾಯಿ, ಹೋಳಿಗೆಯ ಮೇಲೆ ತುಪ್ಪ, ಕೊನೆಗೆ ಕೆನೆಮೊಸರಿನ ಬುತ್ತಿ.

ಇದು ಯಾದೃಚ್ಛಿಕವಾದ ರಾಶಿಯಲ್ಲ. ಹಲಗೆಯನ್ನು ಜೋಡಿಸುವವರು ಮೃದುವಾದ ಚೀಸಿನಿಂದ ತೊಡಗಿ ಖಾರವಾದ ನೀಲಿ ಚೀಸಿಗೆ ಸಾಗುವಂತೆ ಕ್ರಮ ಹಾಕುವರು. ಉಪ್ಪಿನ ಚೀಸಿಗೆ ಸಿಹಿಹಣ್ಣನ್ನೂ ಜಿಡ್ಡಿನದಕ್ಕೆ ಹುಳಿಯನ್ನೂ ಆರಿಸುವರು. ನಮ್ಮ ಬುಟ್ಟಿಯಲ್ಲಿಯೂ ಅದೇ ವಿವೇಕವುಂಟು: ಒಣಗಿದ ರೊಟ್ಟಿಗೆ ಬೆಣ್ಣೆ, ಬೆಣ್ಣೆಯ ಜಿಡ್ಡಿಗೆ ಪುಂಡಿಯ ಹುಳಿ, ಹಿಂಡಿಯ ಖಾರಕ್ಕೆ ಮೊಸರಿನ ತಂಪು. ಈ ಜೋಡಣೆಯೂ ಅನಾದಿಯದಲ್ಲವೆಂಬುದನ್ನು ಹೇಳಲೇಬೇಕು. ಜೋಳ ಸಜ್ಜೆಗಳು ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವು. ಮೆಣಸಿನಕಾಯಿ ಶೇಂಗಾಗಳು ಪೋರ್ಚುಗೀಸರು ಹಡಗು ಹತ್ತಿ ಬಂದ ತರುವಾಯದ ಅಮೆರಿಕದ ಅತಿಥಿಗಳು. ಮಾನಸೋಲ್ಲಾಸದ ದೊರೆಯು ಶೇಂಗಾ ಹಿಂಡಿಯ ರುಚಿಯನ್ನು ಅರಿಯನು. ಬಂದುದನ್ನು ಬೆಣ್ಣೆಯ ಪಕ್ಕದಲ್ಲಿ ಎಲ್ಲಿ ಕೂರಿಸಬೇಕೆಂದು ಇಲ್ಲಿಯ ತಾಯಂದಿರು ತಲೆಮಾರುಗಳ ಕಾಲ ಉಂಡು ನೋಡಿ ನಿರ್ಧರಿಸಿದರು.

ಈ ಸಮೃದ್ಧಿಯು ಅಖಂಡವಾಗಿ ನಡೆದು ಬಂದುದೂ ಅಲ್ಲ. 1876ರಿಂದ 78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯ ದನಕರುಗಳು ಮೇವಿಲ್ಲದೆ ಅಸಂಖ್ಯವಾಗಿ ಸತ್ತವು. ಮುಂದೆ ತುಂಗಭದ್ರೆಗೆ ಅಣೆಕಟ್ಟು ಬಂದು, ಹಿನ್ನೀರು ಹಡಗಲಿ ಹಗರಿಬೊಮ್ಮನಹಳ್ಳಿಗಳ ಕಡೆಯ ಹೊಳೆದಂಡೆಯ ಹಳ್ಳಿಗಳನ್ನೂ ಹುಲ್ಲುಗಾವಲನ್ನೂ ನುಂಗಿತು. ಈಗ ಹಾಲು ಡೇರಿಯ ಕ್ಯಾನಿಗೆ ಹೋಗುತ್ತದೆ. ಕಡಗೋಲು ಅನೇಕ ಮನೆಗಳಲ್ಲಿ ಮೂಲೆ ಸೇರಿರುವುದನ್ನು ಕಂಡು ನನಗೆ ವ್ಯಥೆಯಾಗುತ್ತದೆ, ಏಕೆಂದರೆ ಡೇರಿಗೆ ಹಾಕಿದ ಹಾಲಿನಿಂದ ಮನೆಗೆ ಹಣ ಬರುವುದೇ ಹೊರತು ಮಜ್ಜಿಗೆ ಬರುವುದಿಲ್ಲ.

ಇತ್ತ ಚೀಸೂ ನಮ್ಮದಾಗುತ್ತಿದೆ. ಬೆಂಗಳೂರಿನ ಹೊರವಲಯದಲ್ಲಿ ವಲ್ಲೊಂಬ್ರೋಸನ್ ಪಂಥದ ಬೆನೆಡಿಕ್ಟೈನ್ ಸಂನ್ಯಾಸಿಗಳು ಇಟಲಿಯ ಕ್ರಮದಂತೆ ಚೀಸುಗಳನ್ನು ಮಾಡುತ್ತಿದ್ದಾರೆ. ಜಠರದ ರೆನೆಟ್ಟಿನ ಬದಲು ಸೂಕ್ಷ್ಮಜೀವಿಗಳಿಂದ ಪಡೆದ ಸತ್ವವು ಬಂದಿರುವುದರಿಂದ ಸಸ್ಯಾಹಾರಿಗಳಿಗೂ ಅಡ್ಡಿಯಿಲ್ಲದಂತಾಗಿದೆ. ಈ ಸೀಮೆಯಿಂದ ಬೆಂಗಳೂರಿಗೋ ಅದಕ್ಕೂ ದೂರಕ್ಕೋ ಹೋದವರು ಡಿಸೆಂಬರಿನಲ್ಲಿ ಹಲಗೆಯೊಂದನ್ನು ಜೋಡಿಸುವುದಾದರೆ, ಹಣ್ಣಾದ ಚೆಡ್ಡರಿನ ಪಕ್ಕದಲ್ಲಿ ಬಿಸ್ಕತ್ತಿಗೆ ಬದಲಾಗಿ ಎಳ್ಳಿನ ಸಜ್ಜೆ ರೊಟ್ಟಿಯನ್ನು ಮುರಿದಿಡಲಿ. ಆಡಿನ ಹಾಲಿನ ಚೀಸಿಗೆ ಅಗಸಿ ಹಿಂಡಿಯನ್ನು, ನೀಲಿ ಚೀಸಿಗೆ ಹಳೆಯ ಬೆಲ್ಲದ ಚೂರನ್ನು ಜೊತೆ ಮಾಡಲಿ. ಚೀಸನ್ನು ತಂಪುಪೆಟ್ಟಿಗೆಯಿಂದ ಉಣ್ಣುವ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಡಬೇಕು. ಬೆಣ್ಣೆಯನ್ನು ನೀರಿನ ಗಡಿಗೆಯಿಂದ ರೊಟ್ಟಿ ಬಡಿಯುವ ಹೊತ್ತಿಗೆ ಹೊರತೆಗೆದು ಒಲೆಯ ಬದಿಯಲ್ಲಿ ಇಡುತ್ತಿದ್ದ ಹಾಗೆಯೇ ಇದೂ.